ಜೀವಕೋಶಗಳು ಚಿಕ್ಕವಾಗಿರುವದೇಕೆ?

ಬಂಗಾರಪೇಟೆಯಿಂದ ಚಿನ್ನದ ಗಣಿಗಳ ಕಡೆಗೆ ಹೋದವರು ಅಲ್ಲಿಯ ಸೈನೈಡು ದಿಬ್ಬಗಳನ್ನು ಕಂಡಿದ್ದೀರಿ. ಗಣಿಗಳು 2001ನೇ ಇಸವಿಯ ಫೆಬ್ರವರಿ 28ರಂದು ಮುಚ್ಚಿಹೋದವು, ದಿಬ್ಬಗಳು ಉಳಿದಿವೆ. ಅವು ಮಣ್ಣಲ್ಲ, ಅರೆದ ಕಲ್ಲು. ಹಿಟ್ಟಿನಂತೆ ಅರೆದದ್ದು ಯಾಕಂದರೆ, ಚಿನ್ನವನ್ನು ಕರಗಿಸುವ ಸೈನೈಡಿನ ನೀರು ಕಲ್ಲಿನ ಮೈಯನ್ನು ಮಾತ್ರ ಮುಟ್ಟಬಲ್ಲದು. ಗುಂಡುಕಲ್ಲಿನ ನಡುವೆ ಅಡಗಿದ ಚಿನ್ನವು ಅದಕ್ಕೆ ಸಿಕ್ಕದು. ಒಡೆದಷ್ಟೂ ಮೈ ಹೆಚ್ಚುವದು. ಜೀವಕೋಶಗಳ ಸಂಗತಿಯೂ ಹೀಗೆಯೇ.

ಜೀವಕೋಶವೆಂಬದು ನಮ್ಮ ಶರೀರದೊಳಗಿನ ಅತಿ ಸಣ್ಣ ಕೋಣೆ. ಸುಮಾರು ಐವತ್ತನ್ನು ಸಾಲಾಗಿಟ್ಟರೆ ಒಂದು ಮಿಲಿಮೀಟರು ಆದೀತು. ಆಹಾರವೂ ಪ್ರಾಣವಾಯುವೂ ಒಳಗೆ ಬರುವದು, ಕಲ್ಮಷವು ಹೊರಗೆ ಹೋಗುವದು, ಎಲ್ಲವೂ ಅದರ ತೆಳುವಾದ ಪೊರೆಯ ಮೂಲಕವೇ. ಈಗ ಲೆಕ್ಕಮಾಡಿರಿ. ಎಲ್ಲಾ ಕಡೆಯೂ ಒಂದು ಮೊಳವಿರುವ ಪೆಟ್ಟಿಗೆಗೆ ಹೊರಮೈ 6 ಚದರ ಮೊಳ, ಒಳಗಿನ ಸ್ಥಳ 1 ಘನ ಮೊಳ. ಎರಡು ಮೊಳದ ಪೆಟ್ಟಿಗೆಗೆ ಹೊರಮೈ 24, ಒಳಗು 8. ಮೂರು ಮೊಳದ್ದಕ್ಕೆ 54 ಮತ್ತು 27. ಒಳಗಿನ ಒಂದು ಪಾಲಿಗೆ ಮೊದಲು ಆರು ಪಾಲು ಮೈ ಇತ್ತು. ಆಮೇಲೆ ಮೂರು, ಕಡೆಗೆ ಎರಡೇ. ಮನೆಯಲ್ಲಿ ಉಣ್ಣುವವರು ಹೆಚ್ಚಿದಷ್ಟು ಬಾಗಲು ಹೆಚ್ಚಲಿಲ್ಲ. ಇದಲ್ಲದೆ, ತಾನಾಗಿ ಹರಡುವ ವಸ್ತುವಿಗೆ ದೂರವು ಹತ್ತರಷ್ಟಾದರೆ ಕಾಲವು ನೂರರಷ್ಟು ಬೇಕು. ದೊಡ್ಡ ಕೋಶದ ನಡುಭಾಗವು ಹಸಿದು ಸಾಯುವದು.

ಆದದರಿಂದ ಆನೆಯ ಕೋಶಗಳು ಇಲಿಯ ಕೋಶಗಳಿಗಿಂತ ಬಹಳ ದೊಡ್ಡವಲ್ಲ. ಲೆಕ್ಕದಲ್ಲಿ ಹೆಚ್ಚು, ಅಷ್ಟೇ. ಕೋಳಿಮೊಟ್ಟೆಯ ಹಳದಿಯು ಒಂದೇ ಕೋಶವಲ್ಲವೋ ಎಂದು ಓದಿದವರು ಕೇಳಬಹುದು. ಹೌದು, ಆದರೆ ಅದರಲ್ಲಿ ಬಹುಪಾಲು ಕೂಡಿಟ್ಟ ಬುತ್ತಿ, ಮರಿಯು ಹುಟ್ಟುವದು ಮೇಲಿರುವ ಚಿಕ್ಕ ಚುಕ್ಕೆಯಿಂದ.

ನಮ್ಮ ಶ್ವಾಸಕೋಶವೂ ಒಂದು ದೊಡ್ಡ ಚೀಲವಲ್ಲ, ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳು. ಅವುಗಳ ಗೋಡೆ ಬಹು ತೆಳುವಾದದ್ದರಿಂದ ಪ್ರಾಣವಾಯುವು ರಕ್ತಕ್ಕೆ ಬೇಗ ಸೇರುವದು. ಗಣಿಯವರಿಗೆ ಕೇಡು ಬಂದದ್ದು ಇಲ್ಲಿಯೇ. ಕಲ್ಲಿನ ದಪ್ಪ ಧೂಳು ಮೂಗಿನಲ್ಲಿಯೂ ಗಂಟಲಿನಲ್ಲಿಯೂ ನಿಲ್ಲುವದು. ಕಣ್ಣಿಗೆ ಕಾಣದ ನಯವಾದದ್ದು ಗಾಳಿಚೀಲದ ತನಕ ಇಳಿಯುವದು. ಕಾವಲು ಕೋಶಗಳು ಅದನ್ನು ನುಂಗಿ, ಅರಗಿಸಲಾರದೆ ಸಾಯುತ್ತವೆ. ಆ ಸ್ಥಳವು ಗಾಯ ಮಾಗಿದ ಕಲೆಯಂತೆ ಗಟ್ಟಿಯಾಗುವದು. ತೆಳುವಾಗಿದ್ದ ಗೋಡೆ ದಪ್ಪವಾಯಿತು. ಉಸಿರೆಳೆದರೂ ಗಾಳಿ ದಾಟದು. ಸಿಲಿಕೋಸಿಸ್ ಎಂಬ ಈ ರೋಗವು ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಗಣಿಗಳಿಂದಲೇ. ಗಟ್ಟಿಯಾದ ಭಾಗವನ್ನು ತಿರುಗಿ ಮೆತ್ತಗೆ ಮಾಡುವ ಔಷಧವು ಇಂದಿಗೂ ಇಲ್ಲ.

ಗಣಿ ಮುಚ್ಚಿದರೂ ಕಲ್ಲು ಒಡೆಯುವ ಕೆಲಸವು ನಮ್ಮ ಸೀಮೆಯಲ್ಲಿ ನಿಂತಿಲ್ಲ. ಆ ಕೆಲಸಕ್ಕೆ ಹೋಗುವವರು ನಿಮ್ಮ ಮನೆಯಲ್ಲಿದ್ದರೆ, ಕಲ್ಲನ್ನು ನೀರಿನಿಂದ ನೆನೆಸಿ ಒಡೆಯುವಂತೆ ಹೇಳಿರಿ. ಮೂಗಿಗೆ ಕಟ್ಟಿದ ಬಟ್ಟೆಯು ದಪ್ಪ ಧೂಳನ್ನು ತಡೆದೀತು, ನಯವಾದದ್ದನ್ನು ತಡೆಯಲಾರದು.