ಕೈಗಿಳಿದ ಅರಿವು

ಭದ್ರಾವತಿಯ ಓಲ್ಡ್ ಟೌನ್, ಅಂದರೆ ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯವು 13ನೆಯ ಶತಮಾನದ ಹೊಯ್ಸಳ ತ್ರಿಕೂಟ. ಅದರ ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಡಸಾಗುವುದು. ಒಮ್ಮೆ ಉಳಿ ಜಾರಿದರೆ ಎಂತಹ ವಾಕ್ಚಾತುರ್ಯವೂ ಆ ಗಾಯವನ್ನು ಮುಚ್ಚಲಾರದು. 700 ವರ್ಷಗಳ ತರುವಾಯವೂ ನೋಡುವವರ ಕಣ್ಣಿಗೆ ಬೀಳುವುದು.

ಹಾಗಾದರೆ ಜಾಣತನ ಬೇಡವೇ? ಬೇಕು. ಆದರೆ ಅದು ನಾಲಗೆಯಲ್ಲಿಯೇ ನಿಂತು ಕೈಗೆ ಇಳಿಯದಿದ್ದರೆ ಕಾಯಕವೆನಿಸದು. 12ನೆಯ ಶತಮಾನದ ಶರಣ ನುಲಿಯ ಚಂದಯ್ಯನದು ಹಗ್ಗ ಹೊಸೆಯುವ ಕಾಯಕ. ಹುರಿ ಸಡಿಲವಾದ ಹಗ್ಗವು ಹೊಸೆದವನ ಪಾಂಡಿತ್ಯವನ್ನು ಕೇಳದು, ಭಾರ ಬಿದ್ದೊಡನೆ ಹರಿಯುವುದು. ಬಾವಿಗೆ ಬಂದವರು ನೀರಿಲ್ಲದೆ ಹಿಂದಿರುಗಬೇಕು.

ಇಂದಿನ ಶಾಲೆಗಳಲ್ಲಿ ಥಟ್ಟನೆ ಉತ್ತರಿಸುವ ಬಾಲಕನಿಗೆ ಪ್ರಶಂಸೆ. ನಿಧಾನವಾಗಿ ನೇರ ಗೆರೆ ಎಳೆಯುವವನಿಗೆ ಮಂದನೆಂಬ ಹೆಸರು. ಹೆತ್ತವರೂ ಇದನ್ನೇ ನಂಬುವರು. ಅವನ ಕೈಗೆ ಉಳಿಯನ್ನೋ ನಾರನ್ನೋ ಕೊಟ್ಟು ನೋಡಿದವರು ವಿರಳ.