ನಾಲ್ಕಕ್ಕೆ ಹೊಂದಿದ್ದು ಹದಿನಾರಕ್ಕೂ ಹೊಂದುತ್ತದೆಯೇ? ಓಡದ ಪ್ರೋಗ್ರಾಂ ಕಲಿಸಿದ ಗಣಿತ ಪಾಠ

ತರಗತಿ: 9
ವಿಷಯ: ಗಣಿತ
ಪಾಠಾಂಶ: ಅಪವರ್ತ್ಯಗಳು, ಘಾತಾಂಕಗಳು, ಹೇಳಿಕೆಯ ವಿಲೋಮ
ಅವಧಿ: 40 ನಿಮಿಷಗಳ ಎರಡು ತರಗತಿ
ಸ್ಥಳ: ಅಸೂಟಿ, ರೋಣ ತಾಲ್ಲೂಕು, ಗದಗ ಜಿಲ್ಲೆ

ಉದ್ದೇಶಗಳು

1. ದೊಡ್ಡ ಸಂಖ್ಯೆಗಳನ್ನು 2ರ ಘಾತವಾಗಿ ಬರೆದು ಭಾಗಿಸುವುದು.
2. ಭಾಗಲಬ್ಧ ಮತ್ತು ಶೇಷ ಕಂಡುಹಿಡಿದು ಶೇಷದ ಅರ್ಥ ಹೇಳುವುದು.
3. ಒಂದು ಹೇಳಿಕೆ ಸತ್ಯವಾದರೂ ಅದರ ವಿಲೋಮ ಸತ್ಯವಾಗಬೇಕಿಲ್ಲ ಎಂಬುದನ್ನು ಉದಾಹರಣೆಯಿಂದ ತೋರಿಸುವುದು.

ಮೂರನೆಯ ಉದ್ದೇಶ ನನ್ನ ಮೂಲ ಪಾಠಯೋಜನೆಯಲ್ಲಿ ಇರಲಿಲ್ಲ. ಅದು ಹೇಗೆ ಸೇರಿತು ಎಂಬುದೇ ಈ ಲೇಖನದ ವಿಷಯ.

ಮೊದಲ ತರಗತಿಯಲ್ಲಿ ನಡೆದದ್ದು

ಘಾತಾಂಕಗಳ ಪುನರಾವರ್ತನೆಗೆ ಬೋಧನೋಪಕರಣವಾಗಿ ಗೆಳತಿಯೊಬ್ಬಳಿಂದ ರಾಸ್ಪ್‌ಬೆರಿ ಪೈ 5 ಎಂಬ ಅಂಗೈಯಗಲದ ಕಂಪ್ಯೂಟರ್ ತಂದಿದ್ದೆ. ಅದು 2023ರಲ್ಲಿ ಬಂದ ಮಾದರಿ. ಅದರ ಹಿಂದಿನ ಮಾದರಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಒಂದು ಗಣಿತ ರಸಪ್ರಶ್ನೆಯ ಪ್ರೋಗ್ರಾಂ ಅನ್ನು ಇದಕ್ಕೆ ಹಾಕಿಕೊಂಡು ಹೋದೆ. ಮನೆಯಲ್ಲಿ ಒಮ್ಮೆ ಓಡಿಸಿ ನೋಡಿರಲಿಲ್ಲ. ತರಗತಿಯಲ್ಲಿ ಟಿ.ವಿ.ಗೆ ಜೋಡಿಸಿ ತೆರೆದಾಗ ಪ್ರಶ್ನೆ ಬರಲಿಲ್ಲ. ಒಂದು ಸಾಲಿನ ಇಂಗ್ಲಿಷ್ ದೋಷಸಂದೇಶ ಬಂತು: ಪ್ರೋಗ್ರಾಂನ ಭಾಗಗಳು ಪುಟದ ಗಡಿಗೆ ಹೊಂದಿಲ್ಲ ಎಂದು ಅದರ ಅರ್ಥ.

ಮಕ್ಕಳು ನಕ್ಕರು. ಹಿಂದಿನ ಬೆಂಚಿನಿಂದ "ಹಳೇ ಪ್ರೋಗ್ರಾಂ ಕೆಟ್ಟೈತ್ರಿ ಟೀಚರ್" ಎಂದು ಒಬ್ಬ ಕೂಗಿದ. ನಾನೂ ಮುಖ ಉಳಿಸಿಕೊಳ್ಳಲು, "ಹೌದು, ಹಳೆಯ ಪ್ರೋಗ್ರಾಂ ಹೊಸ ಪ್ರೊಸೆಸರ್‌ಗೆ ತಿಳಿಯುವುದಿಲ್ಲ" ಎಂದುಬಿಟ್ಟೆ. ಅಷ್ಟಕ್ಕೆ ನಿಲ್ಲಿಸದೆ ಕಪ್ಪುಹಲಗೆಯ ಮೇಲೆ ಹೀಗೆ ಬರೆದೆ: ಹಳೆಯ ಪುಟ 4 ಕೆಬಿ, ಹೊಸ ಪುಟ 16 ಕೆಬಿ. ನಾಲ್ಕು ಸಣ್ಣ ಪುಟ ಸೇರಿದರೆ ಒಂದು ದೊಡ್ಡ ಪುಟ. ಆದ್ದರಿಂದ 4ಕ್ಕೆ ಹೊಂದಿದ್ದು 16ಕ್ಕೂ ಹೊಂದಬೇಕು, ತಪ್ಪು ಬೇರೆಲ್ಲೋ ಇದೆ.

ಮುಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. "ಟೀಚರ್, ಇಪ್ಪತ್ತಕ್ಕ ನಾಕರಿಂದ ಭಾಗ ಹೋಗತೈತಿ, ಹದಿನಾರರಿಂದ ಹೋಗಂಗಿಲ್ಲಲ್ರಿ?" ಅಷ್ಟರಲ್ಲಿ ಗಂಟೆ ಹೊಡೆಯಿತು. "ನಾಳೆ ನೋಡೋಣವ್ವಾ" ಎಂದು ಹೊರಬಂದೆ. ಅವಳ ಪ್ರಶ್ನೆ ಸರಿಯಾಗಿತ್ತು, ನಾನು ಬರೆದದ್ದು ತಪ್ಪಾಗಿತ್ತು. ಹಲಗೆಯ ಮೇಲಿದ್ದುದನ್ನು ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡೂ ಆಗಿತ್ತು.

ವಿಷಯ ವಿಶ್ಲೇಷಣೆ

ಕಂಪ್ಯೂಟರ್ ತನ್ನ ಮೆಮೊರಿಯನ್ನು ಸಮಾನ ಅಳತೆಯ ತುಂಡುಗಳಾಗಿ ಹಂಚಿಕೊಳ್ಳುತ್ತದೆ. ಈ ತುಂಡಿಗೆ ಪುಟ ಎಂದು ಹೆಸರು. 1985ರಲ್ಲಿ ಬಂದ ಇಂಟೆಲ್ 80386 ಪ್ರೊಸೆಸರ್‌ನಲ್ಲಿ ಪುಟದ ಅಳತೆ 4 ಕೆಬಿ, ಅಂದರೆ 4096 ಬೈಟ್. ಬಹುಕಾಲ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಇದೇ ಅಳತೆ ಇದ್ದುದರಿಂದ ಪ್ರೋಗ್ರಾಂ ಬರೆಯುವವರಲ್ಲಿ ಅನೇಕರು 4096 ಎಂಬುದನ್ನು ಬದಲಾಗದ ಸಂಖ್ಯೆ ಎಂದೇ ಹಿಡಿದರು. ಆದರೆ 64 ಬಿಟ್‌ನ ಆರ್ಮ್ ವಿನ್ಯಾಸದಲ್ಲಿ 4, 16 ಮತ್ತು 64 ಕೆಬಿ ಎಂಬ ಮೂರು ಅಳತೆಗಳಿಗೆ ಅವಕಾಶವಿದೆ. 2020ರ ಆಪಲ್ ಎಂ1 ಕಂಪ್ಯೂಟರ್‌ಗಳು 16 ಕೆಬಿ ಆರಿಸಿಕೊಂಡವು. ರಾಸ್ಪ್‌ಬೆರಿ ಪೈ 5ರ 64 ಬಿಟ್ ಆಪರೇಟಿಂಗ್ ಸಿಸ್ಟಂ ಕೂಡ ತಾನಾಗಿ 16 ಕೆಬಿ ಪುಟದಲ್ಲಿ ಏಳುತ್ತದೆ.

ಪುಟ ದೊಡ್ಡದಾದರೆ ಲೆಕ್ಕ ಕಡಿಮೆ. 4 ಜಿಬಿ ಮೆಮೊರಿ ಎಂದರೆ 2ರ ಘಾತ 32 ಬೈಟ್. 4 ಕೆಬಿ ಎಂದರೆ 2ರ ಘಾತ 12. ಘಾತಾಂಕ ಕಳೆದರೆ 20, ಅಂದರೆ 10,48,576 ಪುಟಗಳು. 16 ಕೆಬಿ ಎಂದರೆ 2ರ ಘಾತ 14. ಆಗ 2ರ ಘಾತ 18, ಅಂದರೆ 2,62,144 ಪುಟಗಳು ಮಾತ್ರ. ಯಾವ ಪುಟ ಎಲ್ಲಿದೆ ಎಂಬ ಪಟ್ಟಿ ನಾಲ್ಕನೇ ಒಂದಂಶಕ್ಕೆ ಇಳಿಯುತ್ತದೆ, ಹುಡುಕಾಟ ಬೇಗ ಮುಗಿಯುತ್ತದೆ. ನಷ್ಟವೂ ಇದೆ: 1 ಕೆಬಿ ಇಡಬೇಕಾದರೂ 16 ಕೆಬಿಯ ಇಡೀ ಪುಟ ಹೋಗುತ್ತದೆ.

ಹಾಗಾದರೆ ತೊಂದರೆ ಎಲ್ಲಿ? ಒಂದು ಪುಟಕ್ಕೆ ಒಂದೇ ಅನುಮತಿ ಕೊಡಬಹುದು. ಪ್ರೋಗ್ರಾಂನ ಆದೇಶಗಳಿರುವ ಪುಟವನ್ನು ಓದಿ ನಡೆಸಬಹುದು, ಆದರೆ ಅದರ ಮೇಲೆ ಬರೆಯಬಾರದು. ದತ್ತಾಂಶವಿರುವ ಪುಟದಲ್ಲಿ ಓದಿ ಬರೆಯಬಹುದು, ಆದರೆ ಅದನ್ನು ನಡೆಸಬಾರದು. ಇವೆರಡರ ನಡುವಿನ ಗಡಿ ಪುಟದ ಗಡಿಯ ಮೇಲೆಯೇ ಬೀಳಬೇಕು.

ಎರಡನೇ ತರಗತಿ

ಮೊದಲು ಹಿಂದಿನ ದಿನದ ವಾಕ್ಯವನ್ನು ಹಲಗೆಯ ಮೇಲೆ ಮತ್ತೆ ಬರೆದು, "ಇದು ತಪ್ಪು, ನಿನ್ನೆ ನಾನೇ ಬರೆದದ್ದು, ಎಲ್ಲರೂ ನೋಟ್‌ಬುಕ್‌ನಲ್ಲಿ ಗೀಟು ಎಳೆಯಿರಿ" ಎಂದೆ. ನಂತರ ಪೀಠಿಕೆಯನ್ನು ಹೊಲದಿಂದ ಆರಂಭಿಸಿದೆ.

ನಮ್ಮ ಕಡೆ ಒಂದು ಕೂರಿಗೆ ಹೊಲ ಎಂದರೆ 4 ಎಕರೆ. ಸಾಲಾಗಿ ಒಂಬತ್ತು ಕೂರಿಗೆ ಹೊಲವಿದೆ, ಪ್ರತಿ ಕೂರಿಗೆಗೂ ಒಡ್ಡು ಇದೆ ಎಂದುಕೊಳ್ಳೋಣ. ಮೊದಲ ಐದರಲ್ಲಿ ಜೋಳ ನಿಂತಿದೆ, ಉಳಿದ ನಾಲ್ಕರಲ್ಲಿ ಕಡಲೆ ಕಿತ್ತಾಗಿದೆ. ದನ ಎಲ್ಲಿ ಬಿಡಬಹುದು? "ಕಡ್ಲಿ ಕಿತ್ತ ಹೊಲದಾಗ್ರಿ" ಎಂದು ಎಲ್ಲರೂ ಹೇಳಿದರು. ಈಗ ಒಡ್ಡುಗಳನ್ನು ತೆಗೆದು ನಾಲ್ಕು ಕೂರಿಗೆಗೆ, ಅಂದರೆ 16 ಎಕರೆಗೆ, ಒಂದೇ ಒಡ್ಡು ಹಾಕಿದೆವು. ಎರಡನೇ ಒಡ್ಡಿನೊಳಗೆ ಏನಿದೆ? ಒಂದು ಕೂರಿಗೆ ಜೋಳ, ಮೂರು ಕೂರಿಗೆ ಖಾಲಿ. ದನ ಬಿಟ್ಟರೆ ಜೋಳ ಹೋಯಿತು, ಬಿಡದಿದ್ದರೆ ದನ ಉಪವಾಸ. "ಹೊಲಾನೂ ಕೆಟ್ಟಿಲ್ಲ, ದನಾನೂ ಕೆಟ್ಟಿಲ್ರಿ, ಒಡ್ಡು ತಪ್ಪೈತಿ" ಎಂದ, ನಿನ್ನೆ ಪ್ರೋಗ್ರಾಂ ಕೆಟ್ಟಿದೆ ಎಂದಿದ್ದ ಹುಡುಗನೇ.

ಇದೇ ಚಿತ್ರಕ್ಕೆ ಬೈಟ್‌ಗಳನ್ನು ಹಾಕಿದೆವು. ಒಂದು ಪ್ರೋಗ್ರಾಂನಲ್ಲಿ ಆದೇಶ 20 ಕೆಬಿ, ಆಮೇಲೆ ದತ್ತಾಂಶ 16 ಕೆಬಿ. ಗಡಿ 20480ರಲ್ಲಿ.

20480 = 4096 × 5 + 0
20480 = 16384 × 1 + 4096

ಮೊದಲನೆಯದರಲ್ಲಿ ಶೇಷ ಸೊನ್ನೆ, ಗಡಿ ಪುಟದ ಅಂಚಿನ ಮೇಲಿದೆ. ಎರಡನೆಯದರಲ್ಲಿ ಶೇಷ 4096. ಎರಡನೇ ದೊಡ್ಡ ಪುಟದೊಳಗೆ 4 ಕೆಬಿ ಆದೇಶವೂ 12 ಕೆಬಿ ದತ್ತಾಂಶವೂ ಒಟ್ಟಿಗೆ ಬಿದ್ದಿವೆ. ಯಾವ ಅನುಮತಿ ಕೊಟ್ಟರೂ ತಪ್ಪು. ಅದಕ್ಕೇ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಮೆಮೊರಿಗೆ ತುಂಬಿಕೊಳ್ಳಲು ಒಪ್ಪುವುದಿಲ್ಲ.

ಈಗ ಎರಡು ಹೇಳಿಕೆಗಳನ್ನು ಅಕ್ಕಪಕ್ಕ ಬರೆಸಿದೆ.

ಹೇಳಿಕೆ: 16ರ ಪ್ರತಿಯೊಂದು ಅಪವರ್ತ್ಯವೂ 4ರ ಅಪವರ್ತ್ಯ. (ಸತ್ಯ)
ವಿಲೋಮ: 4ರ ಪ್ರತಿಯೊಂದು ಅಪವರ್ತ್ಯವೂ 16ರ ಅಪವರ್ತ್ಯ. (ಅಸತ್ಯ, ಉದಾಹರಣೆ 20)

ಪರಿಹಾರವನ್ನು ಮಕ್ಕಳೇ ಹುಡುಕಲಿ ಎಂದು, "ಎರಡೂ ಬಗೆಯ ಕಂಪ್ಯೂಟರ್‌ನಲ್ಲಿ ಓಡಬೇಕಾದರೆ ದತ್ತಾಂಶವನ್ನು ಎಲ್ಲಿಂದ ಆರಂಭಿಸಬೇಕು?" ಎಂದು ಕೇಳಿದೆ. ಸ್ವಲ್ಪ ಹೊತ್ತಿನ ನಂತರ 32768 ಎಂಬ ಉತ್ತರ ಬಂತು. ಅದು 16384ರ ಎರಡರಷ್ಟು, 4096ರ ಎಂಟರಷ್ಟು. ನಡುವೆ 12 ಕೆಬಿ ಜಾಗ ಖಾಲಿ ಬಿಡಬೇಕಾಗುತ್ತದೆ, ಅಷ್ಟೆ. ಪ್ರೋಗ್ರಾಂ ಕಟ್ಟುವವರು ನಿಜವಾಗಿ ಮಾಡುವುದೂ ಇದನ್ನೇ: ಭಾಗಗಳನ್ನು 16384ರ ಗಡಿಗೆ ಹೊಂದಿಸಿ ಮತ್ತೆ ಕಟ್ಟುತ್ತಾರೆ. ಆಂಡ್ರಾಯ್ಡ್ 15ರಿಂದ ಮೊಬೈಲ್‌ಗಳಲ್ಲೂ 16 ಕೆಬಿ ಪುಟಕ್ಕೆ ಅವಕಾಶ ಬಂದಿದೆ. ಆ ಆವೃತ್ತಿ ಮತ್ತು ಮುಂದಿನವಕ್ಕಾಗಿ ಮಾಡಿದ ಹೊಸ ಆ್ಯಪ್‌ಗಳು ಇದಕ್ಕೆ ಹೊಂದಿರಬೇಕೆಂದು ಗೂಗಲ್ ಪ್ಲೇ 2025ರ ನವೆಂಬರ್ 1ರಿಂದ ನಿಯಮ ಮಾಡಿದೆ ಎಂದಾಗ ಮಕ್ಕಳಿಗೆ ವಿಷಯ ಇನ್ನಷ್ಟು ಹತ್ತಿರವಾಯಿತು.

ಕೊನೆಗೆ ಪೈ ಕಂಪ್ಯೂಟರ್ ತೆಗೆದೆ. ಅದರ ಪ್ರೊಸೆಸರ್‌ಗೆ 4 ಕೆಬಿ ಪುಟವೂ ಬರುತ್ತದೆ. 16 ಎಂಬುದು ಆಪರೇಟಿಂಗ್ ಸಿಸ್ಟಂನ ಕರ್ನಲ್ ಮಾಡಿಕೊಂಡ ಆಯ್ಕೆ. ಆರಂಭದ ಫೈಲ್‌ನಲ್ಲಿ ಒಂದು ಸಾಲು ಸೇರಿಸಿ, ಅದರಲ್ಲೇ ಇರುವ 4 ಕೆಬಿ ಪುಟದ ಕರ್ನಲ್ ಆರಿಸಿ ಮತ್ತೆ ಚಾಲೂ ಮಾಡಿದೆ. ಪುಟದ ಅಳತೆ ಕೇಳಿದಾಗ ಪರದೆಯ ಮೇಲೆ 4096 ಬಂತು. ರಸಪ್ರಶ್ನೆ ತೆರೆಯಿತು. ಈ ಸಲ ಹಿಂದಿನ ರಾತ್ರಿಯೇ ಓಡಿಸಿ ನೋಡಿದ್ದೆ.

ಮೌಲ್ಯಮಾಪನ

ಕೆಳಗಿನ ಗಡಿಗಳು 4 ಕೆಬಿ ಪುಟಕ್ಕೆ ಹೊಂದುತ್ತವೆಯೇ? 16 ಕೆಬಿ ಪುಟಕ್ಕೆ? ಶೇಷ ಬರೆಯಿರಿ.
(ಅ) 24576 (ಆ) 49152 (ಇ) 65536

ಉತ್ತರ: (ಅ) 4ಕ್ಕೆ ಮಾತ್ರ, 16ಕ್ಕೆ ಶೇಷ 8192. (ಆ) ಎರಡಕ್ಕೂ, ಶೇಷ 0. (ಇ) ಎರಡಕ್ಕೂ, 64 ಕೆಬಿ ಪುಟಕ್ಕೂ.

(ಅ)ದಲ್ಲಿ ಕೆಲವರು "24576 ದೊಡ್ಡದು, ಅದಕ್ಕೆ ಹೊಂದುತ್ತದೆ" ಎಂದು ಬರೆದಿದ್ದರು. ಅವರು ಭಾಗಲಬ್ಧವನ್ನು ನೋಡಿದ್ದಾರೆ, ಶೇಷವನ್ನು ನೋಡಿಲ್ಲ. ಅವರನ್ನು ಮತ್ತೆ ಒಡ್ಡಿನ ಚಿತ್ರಕ್ಕೆ ಕರೆತಂದಾಗ ತಾವೇ ತಿದ್ದಿಕೊಂಡರು.

ಆತ್ಮಾವಲೋಕನ

ಉಪಕರಣವನ್ನು ಮೊದಲೇ ಪರೀಕ್ಷಿಸದಿದ್ದುದು ನನ್ನ ಮೊದಲ ತಪ್ಪು. ಅದಕ್ಕಿಂತ ದೊಡ್ಡದು, ಕಾರಣ ಗೊತ್ತಿಲ್ಲದೆ ಕಾರಣ ಹೇಳಿದ್ದು. "ಹಳೆಯದು, ಅದಕ್ಕೆ ಓಡುವುದಿಲ್ಲ" ಎಂಬುದು ಕೇಳಲು ಕಾರಣದಂತಿದೆ, ಆದರೆ ಅದರಿಂದ ಮಗುವಿನ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ಆ ವಿದ್ಯಾರ್ಥಿನಿ ಎದ್ದು ನಿಲ್ಲದಿದ್ದರೆ ಒಂದು ತಪ್ಪು ವಿಲೋಮ ಇಡೀ ತರಗತಿಯ ನೋಟ್‌ಬುಕ್‌ನಲ್ಲಿ ಉಳಿಯುತ್ತಿತ್ತು. ತಪ್ಪನ್ನು ಹಲಗೆಯ ಮೇಲೆ ಒಪ್ಪಿಕೊಂಡರೆ ಮಕ್ಕಳು ಮಾತು ಕೇಳಲಿಕ್ಕಿಲ್ಲ ಎಂದು ಹೆದರಿದ್ದೆ. ಹಾಗಾಗಲಿಲ್ಲ, ಎರಡನೇ ತರಗತಿಯಲ್ಲಿ ಪ್ರಶ್ನೆಗಳು ಹೆಚ್ಚಾದವು. ಸಹಪ್ರಶಿಕ್ಷಣಾರ್ಥಿಗಳು ಈ ಪಾಠ ಮಾಡುವುದಾದರೆ ಕಂಪ್ಯೂಟರ್ ಇಲ್ಲದಿದ್ದರೂ ನಡೆಯುತ್ತದೆ. ಒಡ್ಡಿನ ಚಿತ್ರ ಮತ್ತು 20480 ಎಂಬ ಒಂದು ಸಂಖ್ಯೆ ಸಾಕು.