ವೈದ್ಯ ವಿದ್ಯೆಯೂ ಸಾಲದ ಲೆಕ್ಕವೂ

ಮಕ್ಕಳನ್ನು ಡಾಕ್ಟರಾಗಿ ಕಾಣುವ ಹಂಬಲ ಸಂಬಳಗಾರರಾದ ನಮಗೂ ಉಂಟು; ಅದು ಯೋಗ್ಯವೇ. ಆದರೆ ಕಾಲೇಜನ್ನು ಆರಿಸುವಾಗ ನಾವು ಫೀಯನ್ನು ನೋಡುತ್ತೇವೆ, ಬಡ್ಡಿಯನ್ನು ಮರೆಯುತ್ತೇವೆ.

ಎಂ.ಬಿ.ಬಿ.ಎಸ್. ವ್ಯಾಸಂಗ ನಾಲ್ಕೂವರೆ ವರ್ಷ. ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಅನಂತರವೂ ಒಂದು ವರ್ಷ ಬ್ಯಾಂಕುಗಳು ಸಾಮಾನ್ಯವಾಗಿ ಕಂತು ಕೇಳುವುದಿಲ್ಲ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ. ವರ್ಷಾರಂಭಕ್ಕೆ 2 ಲಕ್ಷದಂತೆ ಐದು ಸಲ, ನೂರಕ್ಕೆ 10ರ ಸರಳಬಡ್ಡಿಗೆ ಸಾಲ ತಂದೆವೆನ್ನೋಣ. ಆರೂವರೆ ವರ್ಷ ತುಂಬುವಾಗ ಬಡ್ಡಿಯೇ 4.5 ಲಕ್ಷ, ಒಟ್ಟು 14.5 ಲಕ್ಷ. ಅದೇ ದರದಲ್ಲಿ ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 19,000 ರೂಪಾಯಿ ಬೇಕು. ಓದುವಾಗಲೇ ಬಡ್ಡಿಯನ್ನಷ್ಟು ಕಟ್ಟುತ್ತ ಹೋದರೆ ಸಾಲ 10 ಲಕ್ಷದಲ್ಲೇ ನಿಲ್ಲುತ್ತದೆ.

ಆದ್ದರಿಂದ ಮೊದಲು ಸರ್ಕಾರಿ ಕಾಲೇಜನ್ನು ನೋಡಬೇಕು. ರಾಜ್ಯಗಳ ಸರ್ಕಾರಿ ಕಾಲೇಜುಗಳಲ್ಲಿ ನೂರಕ್ಕೆ 15 ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರಿವೆ. ಅಲ್ಲಿ ವಾಸಸ್ಥಳದ ಪ್ರಶ್ನೆಯಿಲ್ಲ. ಊರು ಬಿಟ್ಟು ಬಂದ ನಮಗೆ ಇದು ದೊಡ್ಡ ಅನುಕೂಲ. ಗ್ರಾಮಸೇವೆಯ ಬಾಂಡು ಇದೆಯೇ ಎಂದು ಮಾತ್ರ ವಿಚಾರಿಸಿಕೊಳ್ಳಬೇಕು.

ಮಾನ್ಯತೆ ಪಡೆದ ಯಾವ ಕಾಲೇಜಿನಲ್ಲಿ ಓದಿದರೂ ಪದವಿ ಎಂ.ಬಿ.ಬಿ.ಎಸ್. ಒಂದೇ. ಮನೆಯನ್ನು ಅಡವಿಡುವ ಮುನ್ನ ಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡೋಣ. ತೀರಿಸಬೇಕಾದವರು ನಾಳೆ ಅವರೇ.